ನಂದಿ ಬೆಟ್ಟದ ಜಾಮ್ ಮತ್ತು ನಿಮ್ಮ ಗೇರ್ ಬಾಕ್ಸಿನ ಎಣ್ಣೆ

ಭಾನುವಾರ ನಸುಕಿನಲ್ಲಿ ನಮ್ಮೂರಿನ ಹೈವೇ ಮೇಲೆ ಎರಡು ಥರದ ಗಾಡಿ ಓಡುತ್ತವೆ. ಒಂದು, ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಸೇವಂತಿಗೆ, ಗುಲಾಬಿ ಮೂಟೆ ತುಂಬಿಕೊಂಡ ಗೂಡ್ಸ್ ಆಟೋ. ಇನ್ನೊಂದು, ಬೆಂಗಳೂರಿನಿಂದ ಸೂರ್ಯೋದಯ ನೋಡಲು ಹೊರಟ ಸ್ಪೋರ್ಟ್ಸ್ ಕಾರು. ಆಟೋದವನಿಗೆ ಹೂ ಬಾಡುವ ಮೊದಲು ಮುಟ್ಟಬೇಕು ಅನ್ನುವ ಅವಸರ, ಕಾರಿನವನಿಗೆ ಸೂರ್ಯ ಮೊದಲೇ ಹುಟ್ಟಿಬಿಟ್ಟರೆ ಅನ್ನುವ ಅವಸರ. ಆಟೋ ವರ್ಷಗಟ್ಟಲೆ ಗೇರ್ ಬಾಕ್ಸ್ ಬಿಚ್ಚದೆ ಓಡುತ್ತದೆ. ಕಾರು ಮಾತ್ರ ಬೆಟ್ಟದಿಂದ ಇಳಿದು ಬರುವಾಗ ಒಮ್ಮೊಮ್ಮೆ ನನ್ನ ಶೆಡ್ಡಿನ ಮುಂದೆ ಬಂದು ನಿಲ್ಲುತ್ತದೆ.

ನನ್ನದು ದೊಡ್ಡ ಗ್ಯಾರೇಜ್ ಏನಲ್ಲ. ವಾರವೆಲ್ಲ ಬೊಲೆರೊ, ಟಾಟಾ ಏಸ್, ಟ್ರ್ಯಾಕ್ಟರ್. ಆದರೆ ಊರಿಗೆ ವಾಪಸ್ ಬರುವ ಮೊದಲು ಬೆಂಗಳೂರಿನಲ್ಲಿ ಗೇರ್ ಬಾಕ್ಸ್ ಕೆಲಸವನ್ನೇ ಮಾಡಿಕೊಂಡಿದ್ದೆ, ಹಾಗಾಗಿ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದೆ, ಕೈಗೆ ಅಭ್ಯಾಸವೂ ಇದೆ. ಮೊನ್ನೆ ಒಬ್ಬ ಹುಡುಗ ಬಂದ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ ಕಾರು, ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಕಂಪನಿ ಹೆಸರು ಬೇಡ, ಕಾರಿನದೇನೂ ತಪ್ಪಿಲ್ಲ. ಬೆಟ್ಟದ ಮೇಲೆ ಪಾರ್ಕಿಂಗ್ ಹತ್ತಿರ ಬರುವಾಗ ಗೇರ್ ಬಾಕ್ಸ್ ಬಿಸಿಯಾಗಿದೆ ಅಂತ ಸ್ಕ್ರೀನಿನಲ್ಲಿ ಬಂತಂತೆ. ಆಮೇಲೆ ಫಸ್ಟಿನಿಂದ ಸೆಕೆಂಡಿಗೆ ಹೋಗುವಾಗೆಲ್ಲ ಯಾರೋ ಹಿಂದಿನಿಂದ ಗುದ್ದಿದ ಹಾಗೆ ಜರ್ಕ್.

"ಅಣ್ಣ, ಹೋದ ವಾರ ಹೈವೇಲಿ ಅನಂತಪುರದ ತನಕ ಚೆನ್ನಾಗಿ ಓಡಿಸ್ದೆ, ಏನೂ ಆಗ್ಲಿಲ್ಲ. ಇವತ್ತು ಜಾಮಲ್ಲಿ ನಿಂತಿದ್ದೆ ಅಷ್ಟೇ" ಅಂದ.

"ನಿಂತಿದ್ಯಲ್ಲ, ಅದೇ ಕಣಪ್ಪಾ" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಇಂಥ ಕಾರು ಓಡಿಸುವ ಬಹಳ ಜನಕ್ಕೆ ಅರ್ಥ ಆಗಿರುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮ್ಯಾನ್ಯುಯಲ್ ಗೇರ್ ಬಾಕ್ಸಿನಿಂದ ಶುರು ಮಾಡೋಣ, ಯಾಕೆಂದರೆ ಎರಡು ಕ್ಲಚ್ಚಿನದೂ ಒಳಗೆ ಅದೇ ಜಾತಿ. ಒಳಗಿನ ಹಲ್ಲಿನ ಚಕ್ರಗಳೆಲ್ಲ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನೀವು ಗೇರ್ ಹಾಕಿದಾಗ ಹೊಸದಾಗಿ ಹಲ್ಲು ಕಚ್ಚುವುದಿಲ್ಲ, ಸುಮ್ನೆ ಶಾಫ್ಟಿನ, ಅಂದರೆ ತಿರುಗುವ ದಂಡದ, ಮೇಲೆ ತಿರುಗುತ್ತಿದ್ದ ಒಂದು ಚಕ್ರವನ್ನು ಆ ಶಾಫ್ಟಿಗೆ ಬೀಗ ಹಾಕುತ್ತೀರಿ, ಅಷ್ಟೇ. ತೊಂದರೆ ಏನು ಅಂದರೆ ಶಾಫ್ಟ್ ಒಂದು ವೇಗದಲ್ಲಿರುತ್ತದೆ, ಚಕ್ರ ಇನ್ನೊಂದು ವೇಗದಲ್ಲಿರುತ್ತದೆ. ಸ್ಟಾಪಿನಲ್ಲಿ ಪೂರ್ತಿ ನಿಲ್ಲದ ಪ್ರೈವೇಟ್ ಬಸ್ ಹತ್ತುವುದು ಹೇಗೆ? ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ಅದರ ವೇಗಕ್ಕೆ ಬಂದು, ಆಮೇಲೆ ಕಂಬಿ ಹಿಡಿದು ಹತ್ತುತ್ತೀರಿ. ನಿಂತಲ್ಲಿಂದಲೇ ಕಂಬಿ ಹಿಡಿದರೆ ಭುಜ ಕಿತ್ತು ಬರುತ್ತದೆ. ಗೇರ್ ಬಾಕ್ಸಿನಲ್ಲಿ ಹೀಗೆ ಜೊತೆಗೆ ಓಡುವ ಕೆಲಸ ಸಿಂಕ್ರೊ ರಿಂಗಿನದು. ಬಹಳ ಬಾಕ್ಸುಗಳಲ್ಲಿ ಇದು ಹಿತ್ತಾಳೆಯದು. ಕೋನದ ಆಕಾರದ ಈ ಬಳೆ ಚಕ್ರಕ್ಕೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ, ಆಮೇಲೆ ಬೀಗ ಬೀಳುತ್ತದೆ.

ಆ ಉಜ್ಜುವಿಕೆಗೆ ಎಣ್ಣೆ ಹದವಾಗಿರಬೇಕು. ಅತಿ ಜಾರಿದರೆ ರಿಂಗಿಗೆ ಹಿಡಿತ ಸಿಗುವುದಿಲ್ಲ, ಅತಿ ಗಟ್ಟಿಯಿದ್ದರೆ ನಡುವಿನಿಂದ ಎಣ್ಣೆ ಹೊರಗೆ ಹೋಗುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ಕಡೆ ಬೆಳಗ್ಗೆ ಐದಕ್ಕೆ ಗಾಡಿ ಸ್ಟಾರ್ಟ್ ಮಾಡಿ ಹೊರಟರೆ ಮೊದಲ ಒಂದೆರಡು ಕಿಲೋಮೀಟರ್ ಸೆಕೆಂಡ್ ಗೇರ್ ಮುನಿಸಿಕೊಂಡಿರುತ್ತದಲ್ಲ, ಕಾರಣ ಇದೇ. ಮೀಟರಿನಲ್ಲಿ ಕಾಣುವ ಬಿಸಿ ಎಂಜಿನ್ ನೀರಿನದು, ಗೇರ್ ಎಣ್ಣೆಯದಲ್ಲ. ಗೇರ್ ಎಣ್ಣೆ ಬಿಸಿಯೇರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮುಳ್ಳು ಮಧ್ಯಕ್ಕೆ ಬಂತು ಅಂತ ತಕ್ಷಣ ಎಳೆದಾಡಬೇಡಿ.

ಈಗ ಎರಡು ಕ್ಲಚ್ಚಿಗೆ ಬರೋಣ. ಕ್ಲಚ್ ಅಂದರೆ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಸೇರಿಸುವ, ಬೇಕಾದಾಗ ಬಿಡಿಸುವ ಭಾಗ. ನಮ್ಮಜ್ಜಿಯೂ ಪಕ್ಕದ ಮನೆಯವರೂ ಒಂದೇ ಒರಳಿಗೆ ಎರಡು ಒನಕೆ ಹಾಕಿ ಕುಟ್ಟುತ್ತಿದ್ದರು. ಒಬ್ಬರದು ಕೆಳಗೆ ಬಿದ್ದಾಗ ಇನ್ನೊಬ್ಬರದು ಆಗಲೇ ಮೇಲೆ ಎತ್ತಿ ರೆಡಿ ಇರುತ್ತಿತ್ತು. ಒರಳು ಒಂದು ಕ್ಷಣವೂ ಖಾಲಿ ಇಲ್ಲ, ಒನಕೆಗೆ ಒನಕೆ ತಾಗುವುದೂ ಇಲ್ಲ. ಎರಡು ಕ್ಲಚ್ಚಿನ ಗೇರ್ ಬಾಕ್ಸ್ ಇದೇ. ಒಂದು ಕ್ಲಚ್ಚಿನ ಕೈಯಲ್ಲಿ 1, 3, 5ನೇ ಗೇರು. ಇನ್ನೊಂದರ ಕೈಯಲ್ಲಿ 2, 4, 6. ನೀವು ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಒಳಗೆ ಬೀಗ ಬಿದ್ದು ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುತ್ತಾ ಹೋದ ಹಾಗೆ ಇನ್ನೊಂದು ಹಿಡಿಯುತ್ತಾ ಬರುತ್ತದೆ. ಅದಕ್ಕೇ ಗೇರ್ ಬದಲಾದದ್ದು ಗೊತ್ತೇ ಆಗುವುದಿಲ್ಲ.

ಈ ಯೋಚನೆ ಹೊಸದೇನಲ್ಲ. 1939ರಲ್ಲೇ ಅಡಾಲ್ಫ್ ಕೆಗ್ರೆಸ್ ಅನ್ನುವ ಫ್ರಾನ್ಸಿನ ಎಂಜಿನಿಯರಿಗೆ ಇದು ಹೊಳೆದಿತ್ತು. ಎರಡು ಒನಕೆಯ ತಾಳ ತಪ್ಪದ ಹಾಗೆ ನೋಡಿಕೊಳ್ಳುವ ಕಂಪ್ಯೂಟರ್ ಆ ಕಾಲಕ್ಕೆ ಎಲ್ಲಿತ್ತು? 1980ರ ದಶಕದಲ್ಲಿ ಪೋರ್ಷೆ ತನ್ನ 956, 962 ರೇಸ್ ಕಾರುಗಳಲ್ಲಿ ಇದನ್ನು ಓಡಿಸಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಗುಂಪು ಡಿಕ್ಯೂ250 ಅನ್ನುವ ಆರು ಗೇರಿನ ಬಾಕ್ಸನ್ನು ಗಾಲ್ಫ್ ಆರ್32 ಮತ್ತು ಆಡಿ ಟಿಟಿಯಲ್ಲಿ ರಸ್ತೆಗೆ ತಂದಿತು. ಪೋರ್ಷೆ 911ಗೆ ಪಿಡಿಕೆ ಅನ್ನುವ ಹೆಸರಿನಲ್ಲಿ ಬಂದದ್ದು 2008ರಲ್ಲಿ.

ಜಾಮಿನಲ್ಲಿ ಸುಮ್ನೆ ನಿಂತ ಕಾರು ಬಿಸಿಯಾಗುವುದು ಯಾಕೆ? ಬ್ರೇಕ್ ಮೇಲೆ ನಿಂತರೆ ಆಗುವುದಿಲ್ಲ. ಆದರೆ ನಮ್ಮ ಹುಡುಗ ಬ್ರೇಕ್ ಹಿಡಿದಿರಲಿಲ್ಲ. ಏರಿನಲ್ಲಿ ಮುಂದಿನ ಕಾರು ಎರಡಡಿ ಹೋದರೆ ಇವನೂ ಎರಡಡಿ, ನಿಂತಾಗ ಹಿಂದಕ್ಕೆ ಜಾರದ ಹಾಗೆ ಆಕ್ಸಿಲರೇಟರ್ ಮೇಲೆ ಕಾಲು. ಕ್ಲಚ್ ಪೆಡಲೇ ಇಲ್ಲದ ಕಾರಿನಲ್ಲಿ ಹಾಫ್ ಕ್ಲಚ್, ಅಂದರೆ ಅರ್ಧ ಹಿಡಿದು ಅರ್ಧ ಜಾರುವುದು, ಕಣ್ಣಿಗೆ ಕಾಣುವುದಿಲ್ಲ. ಆದರೆ ಒಳಗೆ ನಡೆಯುವುದು ಅದೇ.

ಒಂದು ಅಂದಾಜು ಲೆಕ್ಕ ಹಾಕೋಣ. ಕಾರು 1,500 ಕೆಜಿ. ರಸ್ತೆ ನೂರು ಅಡಿಗೆ ಹತ್ತು ಅಡಿ ಏರುತ್ತದೆ. ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 150 ಕೆಜಿ ಭಾರದಷ್ಟು. ಫಸ್ಟ್ ಗೇರಿನಲ್ಲಿ ಎಂಜಿನ್ ಹದಿಮೂರು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ಅಂತಿಟ್ಟುಕೊಂಡರೆ, ಕ್ಲಚ್ ತಡೆದು ಹಿಡಿಯಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 35 ನ್ಯೂಟನ್ ಮೀಟರ್ ಆಸುಪಾಸು. ಎಂಜಿನ್ 1,200 ಆರ್‌ಪಿಎಂನಲ್ಲಿ ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುತ್ತಿದೆ, ಚಕ್ರ ನಿಂತಿದೆ. ನಡುವಿನ ವ್ಯತ್ಯಾಸವೆಲ್ಲ ಕ್ಲಚ್ ಪ್ಲೇಟುಗಳ ಮಧ್ಯೆ ಉಜ್ಜಿ ಶಾಖ ಆಗುತ್ತದೆ. ಎಷ್ಟು? ನಾಲ್ಕು ಕಿಲೋವ್ಯಾಟ್ ಮೇಲೆ. ಸ್ನಾನದ ನೀರು ಕಾಯಿಸುವ 1,500 ವ್ಯಾಟಿನ ರಾಡ್ ಇದೆಯಲ್ಲ, ಅಂಥ ಮೂರನ್ನು ಒಂದೇ ಬಕೆಟ್ಟಿಗೆ ಇಳಿಬಿಟ್ಟ ಹಾಗೆ. ಬಕೆಟ್ಟಿನಲ್ಲಿ ಇರುವುದು ಏಳು ಲೀಟರ್ ಎಣ್ಣೆ. ಎಣ್ಣೆ ತಂಪು ಮಾಡುವ ಕೂಲರ್ ಇಲ್ಲದೇ ಹೋದರೆ ನಿಮಿಷಕ್ಕೆ ಹತ್ತಿರ ಹತ್ತಿರ ಇಪ್ಪತ್ತು ಡಿಗ್ರಿ ಏರುವಷ್ಟು ಕಾವು ಅದು. ಕೂಲರ್ ಇದೆ ನಿಜ, ಆದರೆ ನಿಂತ ಕಾರಿಗೆ ಓಡುವಾಗಿನಷ್ಟು ಗಾಳಿ ಎಲ್ಲಿಂದ ಬರಬೇಕು?

ಹೈವೇಯಲ್ಲಿ ಐದನೇ ಗೇರಿನಲ್ಲಿ ಎಷ್ಟು ಜೋರಾಗಿ ಓಡಿದರೂ ಕ್ಲಚ್ ಪೂರ್ತಿ ಕಚ್ಚಿಕೊಂಡಿರುತ್ತದೆ, ಉಜ್ಜುವಿಕೆಯೇ ಇಲ್ಲ. ಅನಂತಪುರದ ತನಕ ಹೋದಾಗ ಏನೂ ಆಗದೆ ನಂದಿಯ ಕೊನೆಯ ಒಂದು ಕಿಲೋಮೀಟರಿನಲ್ಲಿ ಆದದ್ದು ಇದಕ್ಕೇ.

ಕೆಲವು ಬಾಕ್ಸುಗಳಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಡಿಕ್ಯೂ250 ಅಂಥದ್ದು. ಕೆಲವದರಲ್ಲಿ ಒಣ ಕ್ಲಚ್, 2008ರ ಡಿಕ್ಯೂ200 ಹಾಗೆ. ಒಣದಕ್ಕೆ ಕಾವು ಹೊತ್ತೊಯ್ಯುವ ಎಣ್ಣೆಯೇ ಇಲ್ಲ, ಅದಕ್ಕೇ ಅದನ್ನು 250 ನ್ಯೂಟನ್ ಮೀಟರ್ ಒಳಗಿನ ಎಂಜಿನ್ನುಗಳಿಗೆ ಮಾತ್ರ ಕೂರಿಸುತ್ತಾರೆ. ಜೋರು ಕಾರುಗಳಿಗೆಲ್ಲ ಮುಳುಗಿದ ಕ್ಲಚ್ಚೇ. ಇದರಲ್ಲಿ ಎಣ್ಣೆಯ ಪಾಡು ನೋಡಿ. ಹಲ್ಲುಗಳಿಗೆ ಜಾರಿಕೆ ಕೊಡಬೇಕು, ಕ್ಲಚ್ಚಿಗೆ ತಂಪೂ ಕೊಡಬೇಕು ಹಿಡಿತವೂ ಕೊಡಬೇಕು, ಸಣ್ಣ ಸಣ್ಣ ವಾಲ್ವುಗಳ ಮೂಲಕ ಒತ್ತಡದಲ್ಲಿ ಹರಿದು ಗೇರನ್ನು ತಳ್ಳುವ ಕೆಲಸವೂ ಅದರದೇ. ಒಂದೇ ಮನೆಯ ಒಬ್ಬಳೇ ಸೊಸೆ ಇದ್ದ ಹಾಗೆ. ಮೇಲೆ ಕ್ಲಚ್ ಪ್ಲೇಟ್ ಸವೆದ ಪುಡಿಯೆಲ್ಲ ಇದೇ ಎಣ್ಣೆಗೆ ಬೀಳುತ್ತದೆ. ಪೋರ್ಷೆಯ ಪಿಡಿಕೆಯಲ್ಲಿ ಹಲ್ಲುಗಳಿಗೆ ಒಂದು ಎಣ್ಣೆ, ಕ್ಲಚ್ಚಿಗೆ ಬೇರೆ ಎಣ್ಣೆ ಅಂತ ಪಾಲು ಮಾಡಿದ್ದಾರೆ. ಹಾಗಾಗಿ ಅದಕ್ಕೆ ಎರಡು ಬದಲಾವಣೆ, ಎರಡು ಅವಧಿ. ಒಂದನ್ನು ಮಾಡಿ ಇನ್ನೊಂದನ್ನು ಮರೆತು ಬಿಲ್ ಕೊಡುವವರಿದ್ದಾರೆ, ಬಿಲ್ಲಿನಲ್ಲಿ ಎರಡೂ ಎಣ್ಣೆ ಇದೆಯಾ ಅಂತ ನೋಡಿ.

"ಲೈಫ್ ಟೈಮ್ ಆಯಿಲ್" ಅನ್ನುವ ಮಾತಿನ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಯಾರ ಲೈಫ್? ಬಜ್ಜಿ ಕರಿದ ಎಣ್ಣೆಯನ್ನೇ ಎಂಟು ದಿನ ಕಾಯಿಸಿದರೆ ಏನಾಗುತ್ತದೋ ಗೇರ್ ಎಣ್ಣೆಗೂ ಅದೇ ಆಗುತ್ತದೆ. ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಮೊದಲಿನ ಗುಣ ಉಳಿಯುವುದಿಲ್ಲ. ಬಹಳ ಕಂಪನಿಗಳ ಕಾರಿನಲ್ಲಿ ಬರುವ ಎಂಟು ಗೇರಿನ ಮಾಮೂಲಿ ಆಟೋಮ್ಯಾಟಿಕ್ ಇದೆಯಲ್ಲ, ಝಡ್‌ಎಫ್ 8ಎಚ್‌ಪಿ, ಅದನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಎಣ್ಣೆ ಬದಲಿಸಿ ಅನ್ನುತ್ತದೆ. ಅದೇ ಬಾಕ್ಸ್ ಕೂರಿಸಿಕೊಂಡ ಕಾರಿನ ಶೋರೂಮಿಗೆ ಹೋದರೆ ಬೇಕಾಗಿಲ್ಲ ಸಾರ್ ಅನ್ನುವ ಉತ್ತರ ಸಿಗಬಹುದು. ಹೆತ್ತವಳ ಮಾತು ಕೇಳಬೇಕೋ ಸೋದರತ್ತೆ ಮಾತು ಕೇಳಬೇಕೋ ನೀವೇ ನೋಡಿ. ಡಿಕ್ಯೂ250ಗೆ ಇಂಥ ಗೊಂದಲ ಇಲ್ಲ, 60,000 ಕಿಲೋಮೀಟರಿಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು ಅಂತ ಕಂಪನಿಯೇ ಹೇಳಿದೆ. ನಮ್ಮ ಬೆಟ್ಟ, ಬೆಂಗಳೂರಿನ ಟ್ರಾಫಿಕ್, ಬೇಸಿಗೆ ಎಲ್ಲ ಸೇರಿದರೆ ನಾನಾದರೆ 40,000ಕ್ಕೇ ಮಾಡಿಸುತ್ತೇನೆ. ಇದು ನನ್ನ ಅಭಿಪ್ರಾಯ, ಕಂಪನಿಯ ನಿಯಮ ಅಲ್ಲ.

ಹುಡುಗನ ಕಾರಿನ ಮೀಟರ್ 68,000 ತೋರಿಸುತ್ತಿತ್ತು. ಸರ್ವಿಸ್ ಪುಸ್ತಕದಲ್ಲಿ ಎಂಜಿನ್ ಆಯಿಲ್ ಎಲ್ಲ ನೀಟಾಗಿ ಬರೆದಿದೆ, ಗೇರ್ ಬಾಕ್ಸ್ ಅನ್ನುವ ಪದವೇ ಇಲ್ಲ. ತಗೊಳ್ಳುವಾಗ ಕೇಳಿದ್ದಕ್ಕೆ ಅದನ್ನು ಮುಟ್ಟೋ ಹಾಗಿಲ್ಲ ಅಂದಿದ್ದರಂತೆ. ಅವತ್ತು ನಾನೂ ಮುಟ್ಟಲಿಲ್ಲ. ಬಿಸಿ ಬಾಕ್ಸಿನ ಬೋಲ್ಟ್ ಬಿಚ್ಚಿದರೆ ಕೈ ಸುಡುತ್ತದೆ, ಮೇಲಾಗಿ ಆ ಕಾರಿನ ಎಣ್ಣೆ ನನ್ನ ಹತ್ತಿರ ಇರಲೂ ಇಲ್ಲ. ಕಾರು ಬಿಟ್ಟು ಬಸ್ಸಿನಲ್ಲಿ ಹೋಗು, ಬುಧವಾರ ಬಾ ಅಂದೆ.

ಬುಧವಾರ ಅವನ ಎದುರಿಗೇ ಬಿಚ್ಚಿದೆ. ಇಲ್ಲಿ ಮೊದಲನೇ ಪಾಠ, ಯಾವ ಗೇರ್ ಬಾಕ್ಸ್ ಆದರೂ ಸರಿ, ಎಣ್ಣೆ ಖಾಲಿ ಮಾಡುವ ಬೋಲ್ಟ್ ಮುಟ್ಟುವ ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಬೇಕು. ಎಷ್ಟೋ ಜನ ಎಣ್ಣೆಯೆಲ್ಲ ಬಕೆಟ್ಟಿಗೆ ಸುರಿಸಿ ಆಮೇಲೆ ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕುತ್ತಾರೆ, ಅದು ತುಕ್ಕು ಹಿಡಿದು ತಲೆ ಜಾರಿಬಿಡುತ್ತದೆ. ಖಾಲಿ ಬಾಕ್ಸಿನ ಕಾರು, ತುಂಬಲು ದಾರಿಯಿಲ್ಲ, ಟೋ ಮಾಡಿಸುವುದೊಂದೇ ಗತಿ.

ಡ್ರೈನ್ ಬೋಲ್ಟಿನ ತುದಿಯಲ್ಲಿ ಬಹಳ ಬಾಕ್ಸುಗಳಿಗೆ ಒಂದು ಮ್ಯಾಗ್ನೆಟ್ ಇರುತ್ತದೆ. ನನಗೆ ಸರ್ವಿಸಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಕ್ಷಣ ಅದನ್ನು ಹೊರಗೆ ತೆಗೆಯುವುದು. ಡಾಕ್ಟರು ನಾಲಿಗೆ ತೋರಿಸು ಅನ್ನುತ್ತಾರಲ್ಲ, ಹಾಗೆ. ಇವನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಕಟ್ಟಿತ್ತು, ಕಾಡಿಗೆ ಹದದಲ್ಲಿ. ಎರಡು ಬೆರಳ ಮಧ್ಯೆ ತಿಕ್ಕಿ ನೋಡಿದೆ, ಮರಳು ತಗುಲಲಿಲ್ಲ. ಅವನ ಬೆರಳಿಗೂ ಹಚ್ಚಿ ತಿಕ್ಕಿಸಿದೆ. ನುಣ್ಣಗಿದ್ದರೆ ಮಾಮೂಲಿ ಸವೆತ, ಭಯ ಇಲ್ಲ. ಸೂಜಿಯಂಥ ಚೂರು, ಉಗುರಿನ ತುದಿಯಂಥ ತುಂಡು, ಹಲ್ಲಿನ ಮೂಲೆ ಸಿಕ್ಕರೆ ಮಾತು ಬೇರೆ, ಆಗ ಎಣ್ಣೆ ಬದಲಿಸಿ ಪ್ರಯೋಜನ ಇಲ್ಲ, ಬಾಕ್ಸ್ ಇಳಿಸಬೇಕು. ಹಳದಿ ಮಿನುಗು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಅದು ಎಣ್ಣೆಯಲ್ಲೇ ತೇಲುತ್ತದೆ. ಮ್ಯಾನ್ಯುಯಲ್ ಬಾಕ್ಸಿನ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿ ಕಂಡರೆ ಸಿಂಕ್ರೊ ರಿಂಗ್ ಕರಗುತ್ತಿದೆ ಅಂತ ಅರ್ಥ. ಇವನ ಎಣ್ಣೆ ಮಾತ್ರ ಫಿಲ್ಟರ್ ಕಾಫಿ ಡಿಕಾಕ್ಷನ್ ಥರ ಆಗಿತ್ತು, ವಾಸನೆ ಸುಟ್ಟ ಹಂಚಿನದು. ಫಿಲ್ಟರ್ ತೆಗೆದು ಮಡಿಕೆ ಬಿಡಿಸಿದರೆ ಒಳಗೆಲ್ಲ ಕರಿ ಪುಡಿ. ಕ್ಲಚ್ ಸವೆದದ್ದು. ಆ ಪುಡಿ ವಾಲ್ವುಗಳಿಗೆ ಹೋಗಿ ಕೂತರೆ ಒತ್ತಡ ಹೆಚ್ಚು ಕಡಿಮೆ ಆಗುತ್ತದೆ, ಒನಕೆಯ ತಾಳ ತಪ್ಪುತ್ತದೆ, ಜರ್ಕ್ ಬರುತ್ತದೆ.

ಎಷ್ಟು ತುಂಬಬೇಕು ಅನ್ನುವುದರಲ್ಲೇ ಅರ್ಧ ಜನ ಎಡವುತ್ತಾರೆ. ಟ್ರ್ಯಾಕ್ಟರಿನಲ್ಲಾದರೆ ಕಡ್ಡಿ ಅದ್ದಿ ನೋಡಿದರೆ ಆಯಿತು. ಇಂಥ ಬಾಕ್ಸಿನಲ್ಲಿ ಕಡ್ಡಿಯೇ ಇಲ್ಲ. ಡಿಕ್ಯೂ250ಯನ್ನೇ ತಗೊಳ್ಳಿ. ಒಟ್ಟು ಹಿಡಿಯುವುದು ಏಳು ಲೀಟರ್ ಹತ್ತಿರ, ಬದಲಿಸುವಾಗ ಐದು ಲೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, ಉಳಿದದ್ದು ಒಳಗೇ ಇರುತ್ತದೆ. ಡ್ರೈನ್ ಬೋಲ್ಟಿನ ಒಳಗಡೆ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ನೆಟ್ಟಗೆ ನಿಂತಿರುತ್ತದೆ. ಅದರ ಬಾಯಿ ಎಷ್ಟು ಎತ್ತರದಲ್ಲಿದೆಯೋ ಅದೇ ಎಣ್ಣೆಯ ಮಟ್ಟ. ಮನೆ ಮೇಲಿನ ಟ್ಯಾಂಕಿನ ಓವರ್ ಫ್ಲೋ ಪೈಪ್ ಇದ್ದ ಹಾಗೆ. ಎಣ್ಣೆ ತುಂಬಿ, ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಜಾಗಕ್ಕೂ ಒಂದು ಸುತ್ತು ಹಾಕಿ, ಸ್ಕ್ಯಾನರಿನಲ್ಲಿ ಎಣ್ಣೆಯ ಬಿಸಿ ನೋಡುತ್ತಾ ಕೂರಬೇಕು. 35ರಿಂದ 45 ಡಿಗ್ರಿ ಒಳಗೆ ಇರುವಾಗ, ಎಂಜಿನ್ ಓಡುತ್ತಿರುವಾಗಲೇ, ಕೆಳಗಿನ ಬೋಲ್ಟ್ ತೆಗೆದರೆ ಜಾಸ್ತಿಯಾದದ್ದು ಹರಿದು ಹೋಗುತ್ತದೆ. ಧಾರೆ ನಿಂತು ತೊಟ್ಟಿಕ್ಕಲು ಶುರುವಾದಾಗ ಬೋಲ್ಟ್ ಹಾಕಬೇಕು. ಕಾರು ನಾಲ್ಕೂ ಕಡೆ ಸಮ ನಿಂತಿರಬೇಕು, ಮುಂದೆ ಮಾತ್ರ ಜಾಕಿ ಎತ್ತಿ ಮಾಡಿದರೆ ಲೆಕ್ಕವೆಲ್ಲ ತಲೆಕೆಳಗು.

ಡಿಗ್ರಿ ನೋಡುವಷ್ಟು ಮಡಿವಂತಿಕೆ ಯಾಕೆ ಅಂತ ಕೇಳುತ್ತಾರೆ. ಎಣ್ಣೆ ಕಾದರೆ ಉಬ್ಬುತ್ತದೆ. ಏಳು ಲೀಟರ್ ಎಣ್ಣೆ 40 ಡಿಗ್ರಿಯಿಂದ 80ಕ್ಕೆ ಹೋದರೆ ಸುಮಾರು 200 ಮಿಲಿ ಉಬ್ಬುತ್ತದೆ, ಒಂದು ದೊಡ್ಡ ಲೋಟ. ಕಾದ ಕಾರಿನಲ್ಲಿ ಮಟ್ಟ ನೋಡಿದರೆ ಆ ಒಂದು ಲೋಟ ಹರಿದು ಹೋಗುತ್ತದೆ, ತಣ್ಣಗಾದ ಮೇಲೆ ಅಷ್ಟು ಕಡಿಮೆ. ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ. ನಂದಿಯ ತಿರುವುಗಳಲ್ಲಿ ಅದು ನಿಮಗೇ ಗೊತ್ತಾಗುತ್ತದೆ. ಸ್ಕ್ಯಾನರ್ ಇಲ್ಲದೆ ಅಂದಾಜಿನಲ್ಲಿ ಮಾಡುತ್ತೇನೆ ಅನ್ನುವವರ ಹತ್ತಿರ ಕಾರು ಬಿಡಬೇಡಿ, ನಾನು ಕಾಸಿಗಾಗಿ ಹೇಳುತ್ತಿಲ್ಲ.

ಎಣ್ಣೆ ಆದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ, ಹಳೇ ಎಣ್ಣೆಯ ಲೆಕ್ಕದಲ್ಲಿ. ಅದನ್ನು ಸ್ಕ್ಯಾನರಿನಿಂದ ಹೊಸದಾಗಿ ಕಲಿಸಬೇಕು. ಗಾಡಿಯವರು ಅಡಾಪ್ಟೇಷನ್ ಅನ್ನುವುದು ಇದನ್ನೇ. ಮಾಡದಿದ್ದರೆ ಹೊಸ ಎಣ್ಣೆ ಹಾಕಿಸಿದರೂ ಜರ್ಕ್ ಹೋಗಲಿಲ್ಲ ಅಂತ ಬರುತ್ತಾರೆ.

ಮ್ಯಾನ್ಯುಯಲ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಎಣ್ಣೆಯ ಜಾತಿ ನೋಡಬೇಕು. ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಅಂತ ಬರೆದಿರುತ್ತದೆ. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಅಂತ ಅಂಗಡಿಯವನೂ ಹೇಳುತ್ತಾನೆ. ಹಾಗಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಮಿಶ್ರಣ ಜಾಸ್ತಿ, ಅದು ಇರುವುದು ಎಡ ಬಲದ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಓರೆ ಹಲ್ಲುಗಳಿಗೆ. ಹಳೇ ಥರದ ಜಿಎಲ್-5 ಹಿತ್ತಾಳೆಯನ್ನು ತಿನ್ನುತ್ತದೆ, ಮೇಲಾಗಿ ಸಿಂಕ್ರೊ ರಿಂಗಿಗೆ ಬೇಕಾದ ಹಿಡಿತ ಕೊಡುವುದಿಲ್ಲ. ಎರಡಕ್ಕೂ ಆಗುವ ಎಣ್ಣೆಗಳೂ ಇವೆ, ಆದರೆ ಕೊನೇ ಮಾತು ನಿಮ್ಮ ಕಾರಿನ ಪುಸ್ತಕದ್ದು. ಒಮ್ಮೆ ಒಬ್ಬರು ಟ್ರ್ಯಾಕ್ಟರಿಗೆ ತಂದ 90 ನಂಬರ್ ಗೇರ್ ಆಯಿಲ್ ಮಿಕ್ಕಿದೆ, ಇದಕ್ಕೇ ಹಾಕು ಅಂದರು, ಎರಡು ಸೀಟಿನ ಹಳೇ ಕಾರಿಗೆ. 75ಡಬ್ಲ್ಯೂ-90 ಕೇಳುವ ಬಾಕ್ಸ್ ಅದು. ಬಿಸಿಯಲ್ಲಿ ಎರಡೂ ಒಂದೇ ಹದ, ಚಳಿಯಲ್ಲಿ ಮಾತ್ರ ನಮ್ಮ 90 ನಂಬರು ಜೋನಿಬೆಲ್ಲ. ಮೊದಲೇ ಹೇಳಿದೆನಲ್ಲ, ಸೆಕೆಂಡ್ ಗೇರ್ ಮುನಿಸು, ಅದು ಜಗಳವೇ ಆಗುತ್ತದೆ.

ಹಿಂದಿನ ಚಕ್ರ ಓಡಿಸುವ ಕಾರುಗಳಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದೇ ಚಕ್ರ ಸುಮ್ನೆ ಸುತ್ತದ ಹಾಗೆ ತಡೆಯುವಂಥದ್ದು, ಇದ್ದರೆ ಅದಕ್ಕೂ ಸಣ್ಣ ಕ್ಲಚ್ ಪ್ಲೇಟುಗಳಿರಬಹುದು. ಅಂಥದ್ದಕ್ಕೆ ಅದಕ್ಕೆಂದೇ ಇರುವ ಎಣ್ಣೆ ಹಾಕದಿದ್ದರೆ ಪಾರ್ಕಿಂಗಿನಲ್ಲಿ ನಿಧಾನಕ್ಕೆ ತಿರುಗಿಸುವಾಗ ಕಟಕಟ ಅನ್ನುತ್ತದೆ. ಬಹಳ ಕಾರುಗಳಲ್ಲಿ ಕ್ಲಚ್ ಪೆಡಲಿನ ಒತ್ತಡ ಸಾಗಿಸುವುದು ಬ್ರೇಕ್ ಆಯಿಲ್ಲೇ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಪೆಡಲ್ ಮೆತ್ತಗಾಗಿ ಗೇರ್ ಬೀಳದಿದ್ದರೆ ಗೇರ್ ಬಾಕ್ಸಿಗೆ ಕೈ ಹಾಕುವ ಮೊದಲು ಇದನ್ನು ನೋಡಿ, ಸಾವಿರದಲ್ಲಿ ಮುಗಿಯುವುದಕ್ಕೆ ಲಕ್ಷ ಸುರಿಯಬೇಡಿ. ಹಾಗೇ ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್ ಹರಿದರೂ ಧಡ್ ಅನ್ನುತ್ತದೆ, ಪಾಪ ಬಾಕ್ಸಿನ ತಪ್ಪೇನಿಲ್ಲ.

ಮ್ಯಾನ್ಯುಯಲ್ ಕ್ಲಚ್ ಮುಗಿಯಿತಾ ಅಂತ ನೋಡುವುದು ಸುಲಭ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, ಕಡಿಮೆ ಸ್ಪೀಡಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಎದ್ದು, ಸ್ಪೀಡಿನ ಮುಳ್ಳು ಏಳದಿದ್ದರೆ ಪ್ಲೇಟ್ ಜಾರುತ್ತಿದೆ. ಬದಲಿಸುವಾಗ ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಅದನ್ನು ಬಿಡಿಸುವ ರಿಲೀಸ್ ಬೇರಿಂಗ್ ಕೂಡ ಒಟ್ಟಿಗೇ ಮಾಡಿಸಿ. ಕೂಲಿ ಇರುವುದೇ ಬಾಕ್ಸ್ ಇಳಿಸುವುದಕ್ಕೆ, ಮುನ್ನೂರು ದಿನ ಬಿಟ್ಟು ಅದೇ ಬಾಕ್ಸನ್ನು ಬೇರಿಂಗಿಗೋಸ್ಕರ ಮತ್ತೆ ಇಳಿಸುವುದು ಯಾರಿಗೆ ಬೇಕು. ಕೈಯನ್ನು ಸದಾ ಗೇರ್ ಲಿವರ್ ಮೇಲೆ ಇಟ್ಟುಕೊಂಡು ಓಡಿಸುವವರಿದ್ದಾರೆ, ಸ್ಟೈಲಾಗಿ ಕಾಣುತ್ತದೆ ನಿಜ, ಆ ಭಾರವೆಲ್ಲ ಒಳಗೆ ತಿರುಗುತ್ತಾ ಚಕ್ರಕ್ಕೆ ಬೀಗ ಹಾಕುವ ಸ್ಲೀವಿಗೆ, ಅದನ್ನು ಸರಿಸುವ ಶಿಫ್ಟ್ ಫೋರ್ಕ್ ಉಜ್ಜುವ ಹಾಗೆ ಮಾಡುತ್ತದೆ.

ಬೆಟ್ಟದ ಜಾಮಿಗೆ ಏನು ಮಾಡಬೇಕು ಅಂತ ಹುಡುಗ ಕೇಳಿದ. ನಿಂತಾಗ ಬ್ರೇಕನ್ನು ಗಟ್ಟಿಯಾಗಿ ಒತ್ತು, ಆಗ ಕಂಪ್ಯೂಟರ್ ಕ್ಲಚ್ ಪೂರ್ತಿ ಬಿಡಿಸುತ್ತದೆ. ಮುಂದಿನ ಕಾರು ಎರಡಡಿ ಹೋಯಿತು ಅಂತ ನೀನು ಹೋಗಬೇಡ, ಎರಡು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಂದೇ ಸಲ ಹೊರಡು. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ, ನಿನ್ನ ಕ್ಲಚ್ಚಿನ ದುಡ್ಡು ಅವನು ಕೊಡುವುದಿಲ್ಲ. ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಫಸ್ಟಿನಲ್ಲೇ ಇಟ್ಟುಕೋ, ಒಂದು ಎರಡು ಒಂದು ಅಂತ ಅದು ಹುಯ್ದಾಡುವುದು ತಪ್ಪುತ್ತದೆ. ಬಿಸಿ ಅಂತ ಸ್ಕ್ರೀನಿನಲ್ಲಿ ಬಂದರೆ ಇನ್ನರ್ಧ ಕಿಲೋಮೀಟರ್ ತಾನೇ ಅನ್ನಬೇಡ, ಪಕ್ಕಕ್ಕೆ ಹಾಕಿ ಲಿವರನ್ನು ಪಿ, ಅಂದರೆ ಪಾರ್ಕಿಂಗ್ ಜಾಗಕ್ಕೆ ತಳ್ಳು. ಎಂಜಿನ್ ಓಡುತ್ತಿರಬೇಕೋ ಆಫ್ ಮಾಡಬೇಕೋ ಅನ್ನುವುದು ನಿನ್ನ ಕಾರಿನ ಪುಸ್ತಕದಲ್ಲಿದೆ, ಹೋಗುವ ಮೊದಲೇ ಓದಿಕೋ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳಲಿ, ನ್ಯೂಟ್ರಲ್ ಮಾಡಬೇಡ, ಪೆಟ್ರೋಲ್ ಉಳಿಯುವುದೂ ಇಲ್ಲ, ಬ್ರೇಕ್ ಮಾತ್ರ ಬಿಸಿಯಾಗುತ್ತದೆ.

ಸಂಜೆ ನಾಲ್ಕಕ್ಕೆ ಮುಗಿಯಿತು. ಹೈವೇಯಲ್ಲಿ ಪೆರೇಸಂದ್ರದ ತನಕ ಹೋಗಿ ಬಂದೆವು, ಅವನೇ ಓಡಿಸಿದ. ಫಸ್ಟಿನಿಂದ ಸೆಕೆಂಡಿಗೆ ಹೋದದ್ದು ಮೀಟರಿನಲ್ಲಿ ನೋಡಿದರಷ್ಟೇ ಗೊತ್ತಾಯಿತು. ಕ್ಲಚ್ ಒಂದಿಷ್ಟು ಸವೆದಿದೆ, ಅದನ್ನು ಎಣ್ಣೆ ವಾಪಸ್ ತರುವುದಿಲ್ಲ, ಆದರೆ ನೋಡಿಕೊಂಡು ಓಡಿಸಿದರೆ ಇನ್ನೂ ಬಹಳ ದಿನ ಬರುತ್ತದೆ ಅಂದೆ. ಹಳೇ ಫಿಲ್ಟರನ್ನು ಪೇಪರಿನಲ್ಲಿ ಸುತ್ತಿ ಅವನ ಕೈಗೇ ಕೊಟ್ಟೆ, ಮನೆಯಲ್ಲಿ ಇಟ್ಟುಕೋ ಅಂತ.

"ಇನ್ನು ಭಾನುವಾರ ಬೆಟ್ಟ ಬೇಡ ಕಣೋ. ಮಂಗಳವಾರ ಹೋಗು, ರಸ್ತೆ ಖಾಲಿ ಇರುತ್ತೆ, ಸೂರ್ಯನೂ ಅದೇ."

"ಮಂಗಳವಾರ ಆಫೀಸ್ ಇದೆ ಅಣ್ಣ" ಅಂದ.